ಬೆಸುಗೆ ಬೇಡದ ಹಲಗೆ

ಕನ್ನಡದಲ್ಲಿ ‘ಬೆಸುಗೆ’ ಎಂಬುದು ಬಹು ಗೌರವದ ಮಾತು. ‘ಬೆಸೆ’ ಎಂಬ ಕ್ರಿಯಾಪದದಿಂದ ಬಂದದ್ದು. ಅಕ್ಕಸಾಲಿಗನ ಕುಲುಮೆಯಲ್ಲಿ ಹುಟ್ಟಿ ಆಮೇಲೆ ಮನಸ್ಸುಗಳ ನಡುವೆ ಬಂದಿತೋ, ಮನಸ್ಸಿನಲ್ಲಿ ಹುಟ್ಟಿ ಆಮೇಲೆ ಕುಲುಮೆಗೆ ಹೋಯಿತೋ ನಾನು ಹೇಳಲಾರೆ. ಸ್ನೇಹಕ್ಕೆ, ದಾಂಪತ್ಯಕ್ಕೆ, ನಾಡು ನಾಡುಗಳ ಏಕೀಕರಣಕ್ಕೆ ಕೂಡ ನಾವು ಆ ಮಾತನ್ನೇ ಬಳಸುತ್ತೇವೆ. ಬೆಸುಗೆ ಬಿಟ್ಟಿತು ಎಂದರೆ ಏನೋ ಕೆಟ್ಟಿತು ಎಂದೇ ಅರ್ಥ. ಇಂಥ ಭಾಷೆಯನ್ನು ಮೂವತ್ತೈದು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ನಾನು ಇಂದು ಬೆಸುಗೆಯೇ ಇಲ್ಲದ ಒಂದು ವಸ್ತುವಿನ ಪರವಾಗಿ ನಾಲ್ಕು ಮಾತು ಆಡಹೊರಟಿದ್ದೇನೆ. ಇದು ಕನ್ನಡ ಎಂ.ಎ. ಮಾಡಿದವನು ಆಡಬೇಕಾದ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ನನಗೂ ಈ ವಿಷಯಕ್ಕೂ ಇರುವ ಹಳೆಯ ಲೆಕ್ಕವೊಂದನ್ನು ಮೊದಲೇ ಒಪ್ಪಿಸಿಬಿಟ್ಟರೆ ಅವರ ಹುಬ್ಬು ಇಳಿದೀತು.

ಆಗ 1971ರ ಡಿಸೆಂಬರ್ ತಿಂಗಳು. ನನಗೆ ಹದಿಮೂರು ವರ್ಷ. ಜಗಳೂರು ತಾಲ್ಲೂಕಿನ ಬಿಳಿಚೋಡು ನಮ್ಮೂರು. ಅಂದು ಅದು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು, 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ಅದಕ್ಕೆ ಸೇರಿತು. ಬಾಂಗ್ಲಾದೇಶದ ಯುದ್ಧ ನಡೆಯುತ್ತಿತ್ತು. ನಮ್ಮ ದೊಡ್ಡಪ್ಪನವರ ಬಳಿ ಒಂದು ಟ್ರಾನ್ಸಿಸ್ಟರ್ ರೇಡಿಯೋ ಇತ್ತು. ರೇಡಿಯೋಗೆ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸು ಪಡೆಯಬೇಕಾಗಿದ್ದ ಕಾಲ ಅದು. ಸಂಜೆಯಾದರೆ ಓಣಿಯ ಅರ್ಧ ಜನ ನಮ್ಮ ಜಗಲಿಯ ಮೇಲೆ. ಒಂದು ಸಂಜೆ ರೇಡಿಯೋ ಮೂಕವಾಯಿತು. ಹಿಂದಿನ ಮುಚ್ಚಳ ಬಿಚ್ಚಿ ನೋಡಿದರೆ ಒಂದು ಸಣ್ಣ ತಂತಿ ತನ್ನ ನೆಲೆ ಬಿಟ್ಟು ನೇತಾಡುತ್ತಿತ್ತು. ಬೆಸೆದರಾಯಿತಲ್ಲ! ಪಾತ್ರೆಗಳಿಗೆ ಕಲಾಯಿ ಹಾಕಲು ಊರಿಗೆ ಬರುತ್ತಿದ್ದವರಿಂದ ಕಾಡಿ ಬೇಡಿ ತಂದ ಒಂದು ಚೂರು ತವರ, ಒಂದು ಚಿಟಿಕೆ ನವಸಾಗರ ನನ್ನ ಬಳಿ ಇದ್ದವು. ಒಲೆಯ ಕೆಂಡದಲ್ಲಿ ಕಬ್ಬಿಣದ ಸಲಾಕೆಯನ್ನು ಕಾಯಿಸಿ, ಯಾರೂ ಇಲ್ಲದ ಹೊತ್ತು ನೋಡಿ, ಮುಟ್ಟಿಸಿದೆ. ತಂತಿಯೇನೋ ಅಂಟಿತು. ಅದರ ಜೊತೆಗೆ ಸುಟ್ಟ ವಾಸನೆಯೂ ಎದ್ದಿತು. ಪಕ್ಕದಲ್ಲಿದ್ದ, ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಟ್ರಾನ್ಸಿಸ್ಟರಿನ ಪ್ರಾಣ ಹೋಗಿತ್ತು. ಆ ಯುದ್ಧದ ಕೊನೆಯ ದಿನಗಳ ಸುದ್ದಿಯನ್ನು ನಮ್ಮ ಓಣಿಯವರು ಬೇರೆಯವರ ಜಗಲಿಯ ಮೇಲೆ ಕೇಳಿದರು. ದೊಡ್ಡಪ್ಪನವರು ಬಯ್ಯಲಿಲ್ಲ. “ತಿಳಿಯದ್ದನ್ನು ಮುಟ್ಟಬಾರದಪ್ಪ” ಎಂದಷ್ಟೇ ಹೇಳಿ ಸಲಾಕೆಯನ್ನು ಅಟ್ಟದ ಮೇಲೆ ಎಸೆದರು. ನಾನು ಆ ಮಾತನ್ನು ಪಾಲಿಸಿಕೊಂಡು ಬಂದೆ. ಮಾನಸಗಂಗೋತ್ರಿಗೆ ಹೋಗಿ ಕನ್ನಡ ಓದಿದ್ದಕ್ಕೆ ಅದೇ ಕಾರಣವೆಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಆದರೆ ತಂತಿ ಕಂಡರೆ ಕೈ ಹಿಂದಕ್ಕೆ ಎಳೆದುಕೊಳ್ಳುವ ಚಾಳಿ ಅಂದಿನಿಂದ ಬಂದದ್ದೇ.

ಅಂದು ನಾನು ಮಾಡಿದ ತಪ್ಪು ಏನು ಎಂಬುದು ತಿಳಿದದ್ದು ಬಹಳ ತಡವಾಗಿ. ಬೆಸುಗೆಯೆಂದರೆ ಅಂಟಿಸುವುದಲ್ಲ. ಕರಗಿದ ತವರವು ತಾಮ್ರದ ಮೇಲೆ ನೀರಿನಂತೆ ಹರಡಿ, ಅದರ ಮೈಯೊಡನೆ ಕೂಡಿ, ಇತ್ತ ತವರವೂ ಅಲ್ಲದ ಅತ್ತ ತಾಮ್ರವೂ ಅಲ್ಲದ ಒಂದು ತೆಳುಪದರವನ್ನು ಹುಟ್ಟಿಸುತ್ತದೆ. ನಿಜವಾದ ಬೆಸುಗೆ ಆ ಪದರ. ಅದು ಹುಟ್ಟಬೇಕಾದರೆ ತಾಮ್ರದ ಮೈ ಶುದ್ಧವಾಗಿರಬೇಕು. ಗಾಳಿ ಸೋಕಿ ಹಿಡಿದ ಕಿಲುಬು ಹೋಗಬೇಕು. ಕಲಾಯಿ ಹಾಕುವವರು ನವಸಾಗರ ಎರಚಿ, ಬುಸ್ಸೆಂದು ಬಿಳಿಯ ಹೊಗೆ ಎಬ್ಬಿಸಿ, ಹತ್ತಿಯಿಂದ ಒರೆಸುತ್ತಿದ್ದುದು ಇದಕ್ಕಾಗಿ. ರೇಡಿಯೋ ರಿಪೇರಿಯವರು ಅದೇ ಕೆಲಸಕ್ಕೆ ರಾಳವನ್ನು ಬಳಸುತ್ತಾರೆ. ನವಸಾಗರ ಪಾತ್ರೆಗೆ ಸರಿ. ಸೂಕ್ಷ್ಮವಾದ ತಂತಿಯ ಮೇಲೆ ಅದರ ಶೇಷ ಉಳಿದರೆ ಕಾಲಕ್ರಮದಲ್ಲಿ ತಾಮ್ರವನ್ನು ಕೊರೆದುಹಾಕುತ್ತದೆ. ಇನ್ನು ಶಾಖದ ಮಾತು. ಶುದ್ಧ ತವರ 232 ಡಿಗ್ರಿ ಸೆಲ್ಷಿಯಸ್‌ನಲ್ಲಿ ಕರಗುತ್ತದೆ, ಸೀಸ 327ರಲ್ಲಿ. ಆದರೆ 63 ಪಾಲು ತವರಕ್ಕೆ 37 ಪಾಲು ಸೀಸ ಬೆರೆಸಿದರೆ ಆ ಮಿಶ್ರಣ ಎರಡಕ್ಕಿಂತಲೂ ಕೆಳಗೆ, 183 ಡಿಗ್ರಿಯಲ್ಲೇ ನೀರಾಗುತ್ತದೆ. ಕೂಡಿದ ಮೇಲೆ ಇಬ್ಬರೂ ಮೃದುವಾಗುವ ಈ ಗುಣವನ್ನು ಕಂಡು ನನ್ನ ಕವಿಮಿತ್ರರೊಬ್ಬರು ಬಹಳ ಸಂತೋಷಪಟ್ಟರು. ಅಂದಿನ ಜರ್ಮೇನಿಯಮ್ ಟ್ರಾನ್ಸಿಸ್ಟರುಗಳಾದರೋ ನೀರು ಕುದಿಯುವ ಶಾಖವನ್ನೂ ಸಹಿಸುತ್ತಿರಲಿಲ್ಲ. ಬಲ್ಲವರು ಅದರ ಕಾಲನ್ನು ಇಕ್ಕಳದಿಂದ ಹಿಡಿದುಕೊಂಡು, ಶಾಖವೆಲ್ಲ ಇಕ್ಕಳಕ್ಕೆ ಇಳಿಯುವಂತೆ ಮಾಡಿ, ಕ್ಷಣಾರ್ಧದಲ್ಲಿ ಕೆಲಸ ಮುಗಿಸುತ್ತಿದ್ದರು. ಕೆಂಡದ ಸಲಾಕೆ ಹಿಡಿದ ಹುಡುಗನಿಗೆ ಇದನ್ನು ಹೇಳುವವರು ಯಾರಿದ್ದರು?

ಈಗ ಒಂದು ಕಾಕತಾಳೀಯವನ್ನು ಗಮನಿಸಿ. ನಾನು ದೊಡ್ಡಪ್ಪನವರ ರೇಡಿಯೋ ಸುಟ್ಟ ಅದೇ 1971ರ ಡಿಸೆಂಬರಿನಲ್ಲಿ ಅಮೆರಿಕದ ರೊನಾಲ್ಡ್ ಪೋರ್ಚುಗಲ್ ಎಂಬಾತ ಒಂದು ಬಿಳಿಯ ಪ್ಲಾಸ್ಟಿಕ್ ಹಲಗೆಯ ವಿನ್ಯಾಸಕ್ಕೆ ಪೇಟೆಂಟು ಬೇಡಿ ಅರ್ಜಿ ಹಾಕಿದ್ದ. 1973ರಲ್ಲಿ ಅದು ಮಂಜೂರಾಯಿತು. ಬೆಸುಗೆಯಿಲ್ಲದೆ ವಿದ್ಯುನ್ಮಂಡಲವನ್ನು ಕಟ್ಟುವ ಹಲಗೆ ಅದು. ಅದಕ್ಕೆ ಇಂದೂ ‘ಬ್ರೆಡ್‌ಬೋರ್ಡ್’ ಎಂದೇ ಹೆಸರು. ರೇಡಿಯೋ ಎಂಬುದು ಹೊಸದಾಗಿ ಬಂದಿದ್ದ ಕಾಲದಲ್ಲಿ ಪಾಶ್ಚಾತ್ಯ ದೇಶಗಳ ಹವ್ಯಾಸಿಗಳು ಅಡಿಗೆಮನೆಯಲ್ಲಿ ಬ್ರೆಡ್ಡು ಕತ್ತರಿಸುವ ಮರದ ಹಲಗೆಯನ್ನೇ ಎತ್ತಿಕೊಂಡು ಬಂದು, ಅದರ ಮೇಲೆ ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ತಂತಿ ಸುತ್ತಿ ತಮ್ಮ ಯಂತ್ರಗಳನ್ನು ಕಟ್ಟುತ್ತಿದ್ದರು. ಹೆಂಡತಿಯರು ಏನೆಂದರೋ ಇತಿಹಾಸ ಹೇಳುವುದಿಲ್ಲ. ನಮ್ಮ ಕಡೆ ಹುಟ್ಟಿದ್ದರೆ ಅದಕ್ಕೆ ‘ರೊಟ್ಟಿ ಹಲಗೆ’ ಎಂದು ಹೆಸರಾಗುತ್ತಿತ್ತು.

ಹೊಸ ಹಲಗೆಯಲ್ಲಿ ಮೊಳೆಯಿಲ್ಲ, ನೂರಾರು ಸಣ್ಣ ತೂತುಗಳಿವೆ. ತೂತಿನಿಂದ ತೂತಿಗೆ ಒಂದು ಅಂಗುಲದ ಹತ್ತರಲ್ಲೊಂದು ಭಾಗ ಅಂತರ. ಮೇಲೆ ನೋಡಿದರೆ ಎಲ್ಲವೂ ಬೇರೆ ಬೇರೆ. ಒಳಗೆ ಮಾತ್ರ ಒಂದು ಸಾಲಿನ ಐದು ತೂತುಗಳನ್ನು ಲೋಹದ ಒಂದೇ ಪಟ್ಟಿ ಕೂಡಿಸಿರುತ್ತದೆ. ಆ ಪಟ್ಟಿಗೆ ಸ್ಪ್ರಿಂಗಿನಂತೆ ಬಿಗಿಹಿಡಿಯುವ ಗುಣವಿದೆ. ತಂತಿಯ ತುದಿಯನ್ನು ತೂರಿಸಿದರೆ ಕಚ್ಚಿ ಹಿಡಿಯುತ್ತದೆ, ಎಳೆದರೆ ಬಿಡುತ್ತದೆ. ಒಂದೇ ಸಾಲಿಗೆ ಚುಚ್ಚಿದ ಎರಡು ತಂತಿಗಳು ತಾವಾಗಿಯೇ ಒಂದಾದವು. ಎರಡು ಬದಿಗಳಲ್ಲಿ ಉದ್ದಕ್ಕೆ ಹರಿಯುವ ಸಾಲುಗಳು ಊರಿನ ರಾಜಬೀದಿಯಿದ್ದಂತೆ. ಬ್ಯಾಟರಿಯ ಧನ, ಋಣಗಳನ್ನು ಅಲ್ಲಿ ತಂದು ನಿಲ್ಲಿಸಿದರೆ ಎಲ್ಲ ಅಡ್ಡ ಓಣಿಗಳಿಗೂ ಹತ್ತಿರ. ಇಷ್ಟೇ ಅದರ ಗುಟ್ಟು.

ಇಷ್ಟಕ್ಕೇಕೆ ಇಷ್ಟು ಮಹತ್ವ ಎಂದು ಕೇಳಬಹುದು. ನಮ್ಮ ಅಕ್ಷರಲೋಕದ ಉದಾಹರಣೆಯಿಂದ ಹೇಳುತ್ತೇನೆ. ಓಲೆಗರಿಯ ಮೇಲೆ ಕಂಟದಿಂದ ಕೊರೆದು ಬರೆಯುತ್ತಿದ್ದ ಕಾಲದಲ್ಲಿ ಬರೆದದ್ದನ್ನು ಅಳಿಸುವಂತಿರಲಿಲ್ಲ. ಗರಿಯನ್ನು ಹದಮಾಡುವುದು, ಕೊರೆಯುವುದು, ಮಸಿ ತುಂಬುವುದು ಎಲ್ಲವೂ ಶ್ರಮದ ಕೆಲಸ. ಆದರೆ ಅದೇ ಕಾಲದಲ್ಲಿ ನಮ್ಮಲ್ಲಿ ‘ಕಡತ’ ಎಂಬುದೂ ಇತ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಲೆಕ್ಕ ತಪ್ಪಿದರೆ ಒರೆಸಿ ಮತ್ತೆ ಬರೆಯಬಹುದು. ವ್ಯಾಪಾರಿಗಳು ಲೆಕ್ಕ ಇಡುತ್ತಿದ್ದುದು ಅದರಲ್ಲಿ. ಇಂದು ಸರ್ಕಾರಿ ಕಚೇರಿಯ ಫೈಲಿಗೆ ನಾವು ಆ ಹೆಸರನ್ನು ಕೊಟ್ಟಿದ್ದೇವೆ, ಅದರಲ್ಲಿ ಒರೆಸುವುದಕ್ಕೆ ಅವಕಾಶವಿಲ್ಲದಿದ್ದರೂ! ಬೆಸುಗೆ ಹಾಕಿ ಕಟ್ಟಿದ ಮಂಡಲ ಓಲೆಗರಿ, ಬ್ರೆಡ್‌ಬೋರ್ಡು ಕಡತ. ಹೊಸದೊಂದನ್ನು ಯೋಚಿಸುವವನಿಗೆ ಮೊದಲು ಬೇಕಾದದ್ದು ಕಡತ. ಹತ್ತು ಬಾರಿ ತಪ್ಪಿ ಹನ್ನೊಂದನೆಯ ಸಲ ಸರಿಯಾಗುವ ಕೆಲಸಕ್ಕೆ ಹತ್ತು ಬಾರಿ ಬೆಸೆದು ಬಿಚ್ಚುವುದಾದರೆ ಸಾಮಾನೂ ಹಾಳು, ಉತ್ಸಾಹವೂ ಹಾಳು. ಬಡವರ ಮನೆಯ ಮಕ್ಕಳಿಗಂತೂ ಮೊದಲನೆಯ ತಪ್ಪೇ ಕೊನೆಯದಾಗುತ್ತದೆ.

ಹಲಗೆ ಬಂದರೂ ವಿದ್ಯುನ್ಮಂಡಲದ ಶಾಸ್ತ್ರ ತಿಳಿಯದವರಿಗೆ ಅದು ಎಟುಕುತ್ತಿರಲಿಲ್ಲ. ಆ ಬೇಲಿ ಮುರಿದದ್ದು ಇಟಲಿಯ ಇವ್ರೆಯ ಎಂಬ ಸಣ್ಣ ಊರಿನಲ್ಲಿ. ಹಿರಿಯ ಓದುಗರು ಕಂಡಿರಬಹುದಾದ ಒಲಿವೆಟ್ಟಿ ಬೆರಳಚ್ಚು ಯಂತ್ರಗಳು ಹುಟ್ಟಿದ ಊರು ಅದು. ಅಲ್ಲಿನ ವಿನ್ಯಾಸ ಶಾಲೆಯೊಂದರಲ್ಲಿ ಮಾಸ್ಸಿಮೋ ಬಾನ್ಸಿ ಮತ್ತು ಅವರ ಸಂಗಡಿಗರು 2005ರಲ್ಲಿ ಅಂಗೈಯಗಲದ ಒಂದು ಗಣಕ ಹಲಗೆಯನ್ನು ಸಿದ್ಧಪಡಿಸಿದರು. ಅವರ ವಿದ್ಯಾರ್ಥಿಗಳು ಎಂಜಿನಿಯರುಗಳಲ್ಲ; ಚಿತ್ರ, ವಿನ್ಯಾಸ ಕಲಿಯಲು ಬಂದವರು, ಎಂದರೆ ಹೆಚ್ಚುಕಡಮೆ ನಮ್ಮಂಥವರು. ಅವರ ಕೈಗೆಟುಕುವ ಬೆಲೆಗೆ, ಅವರ ಬುದ್ಧಿಗೆಟುಕುವ ಭಾಷೆಯಲ್ಲಿ ಆದೇಶ ಕೊಡಬಹುದಾದ ಯಂತ್ರ ಬೇಕಾಗಿತ್ತು. ಅದರ ನಕ್ಷೆಯನ್ನು ಮುಚ್ಚಿಡದೆ ಲೋಕಕ್ಕೆಲ್ಲ ಬಿಟ್ಟುಕೊಟ್ಟರು. ‘ಆರ್ಡುಯಿನೊ’ ಎಂದು ಹೆಸರಿಟ್ಟರು. ಅದು ಅವರು ಸಂಜೆ ಸೇರುತ್ತಿದ್ದ ಪಾನಗೃಹದ ಹೆಸರು. ಪಾನಗೃಹಕ್ಕೆ ಆ ಹೆಸರು ಬಂದದ್ದು 1002ರಲ್ಲಿ ಇಟಲಿಯ ಸಿಂಹಾಸನವೇರಿದ ಆ ಊರಿನ ಅರಸನಿಂದ. ನಮ್ಮಲ್ಲಿ ಪಂಪನ ಹಿಂದೆಯೇ ರನ್ನನೂ ಕಾವ್ಯ ಬರೆದು ಮುಗಿಸಿದ್ದ ಕಾಲದ ಅರಸನೊಬ್ಬ ಇಂದು ಮಕ್ಕಳ ಆಟಿಕೆಯ ಪೆಟ್ಟಿಗೆಯಲ್ಲಿ ಕುಳಿತಿದ್ದಾನೆ.

ಈ ಗಣಕ ಹಲಗೆಗೆ ಬುದ್ಧಿಯುಂಟು, ಇಂದ್ರಿಯಗಳಿಲ್ಲ. ಅದಕ್ಕೆ ಕಣ್ಣು ಕಿವಿ ಚರ್ಮಗಳಾಗಿ ಬರುವುವೇ ಸೆನ್ಸರುಗಳು. ನಮ್ಮ ಪಾರಿಭಾಷಿಕ ಕೋಶಕಾರರು ಇದಕ್ಕೆ ‘ಸಂವೇದಕ’ ಎಂದಿದ್ದಾರೆ, ಒಳ್ಳೆಯ ಶಬ್ದ. ಆದರೆ ಸಂವೇದನೆಯೆಂಬುದನ್ನು ವಿಮರ್ಶಕರಾದ ನಾವು ಕವಿಗಳಿಗೆ ಮೀಸಲಿಟ್ಟು ಅಭ್ಯಾಸವಾಗಿರುವುದರಿಂದ, ಎಂಟನೆಯ ತರಗತಿಯ ಮಕ್ಕಳು ‘ಸೆನ್ಸರ್’ ಎಂದರೆ ನಾನು ತಿದ್ದುವುದಿಲ್ಲ. ಬೆಳಕು ಬಿದ್ದಾಗ ವಿದ್ಯುತ್ತನ್ನು ಸರಾಗವಾಗಿ ಬಿಡುವ, ಕತ್ತಲಾದಾಗ ತಡೆಯುವ ವಸ್ತುವೊಂದಿದೆ, ಅದು ಕಣ್ಣು. ಗಾಳಿಯ ಬಿಸಿಯನ್ನೂ ತೇವವನ್ನೂ ಒಟ್ಟಿಗೆ ಅಳೆಯುವ ನೀಲಿ ಡಬ್ಬಿಯೊಂದಿದೆ, ಅದು ಚರ್ಮ. ಬಾವಲಿಯಂತೆ ನಮಗೆ ಕೇಳದ ಕೂಗು ಹಾಕಿ ಪ್ರತಿಧ್ವನಿಗೆ ಕಾಯುವ ಇನ್ನೊಂದಿದೆ. ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರು ಹೋಗುತ್ತದೆ. ಹೋಗಿ ಬಂದ ಹೊತ್ತನ್ನು ಅದರಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಎದುರಿನ ವಸ್ತು ಎಷ್ಟು ದೂರವೆಂಬುದು ಸಿಕ್ಕಿತು. ನೀರಿನ ತೊಟ್ಟಿಯ ಬಾಯಿಗೆ ಇದನ್ನು ಬೋರಲು ಕಟ್ಟಿದರೆ ನೀರು ಎಷ್ಟಿದೆಯೆಂದು ಏಣಿ ಹತ್ತದೆ ಹೇಳಬಹುದು. ಎರಡು ಸೆಂಟಿಮೀಟರಿನಿಂದ ನಾಲ್ಕು ಮೀಟರಿನವರೆಗೆ ಅದರ ಆಳ್ವಿಕೆ.

ಇವನ್ನೆಲ್ಲ ಬ್ರೆಡ್‌ಬೋರ್ಡಿನ ಮೇಲೆ ಜೋಡಿಸುವಾಗಲೂ ತಂತಿಗಳ ಕಾಡು ಬೆಳೆಯುತ್ತದೆ. ಒಂದು ಸಾಲು ತಪ್ಪಿ ಚುಚ್ಚಿದರೂ ಕೆಲಸ ಕೆಟ್ಟಿತು. ಆದ್ದರಿಂದ ಚೀನದ ಷೆನ್‌ಜೆನ್ ನಗರದಲ್ಲಿ 2008ರಲ್ಲಿ ಆರಂಭವಾದ ಸೀಡ್ ಸ್ಟುಡಿಯೋ ಎಂಬ ಸಂಸ್ಥೆ ಇನ್ನೂ ಸುಲಭವಾದ ಕಟ್ಟೊಂದನ್ನು ತಂದಿತು. ಪ್ರತಿ ಸೆನ್ಸರನ್ನೂ ಅದಕ್ಕೆ ಬೇಕಾದ ಪರಿಕರಗಳೊಂದಿಗೆ ಒಂದು ಸಣ್ಣ ಹಲಗೆಯ ಮೇಲೆ ಕಾರ್ಖಾನೆಯಲ್ಲೇ ಬೆಸೆದು, ಎಲ್ಲಕ್ಕೂ ಒಂದೇ ಬಗೆಯ ನಾಲ್ಕು ತಂತಿಯ ಕೊಂಡಿ ಇಟ್ಟರು. ಕೆಂಪು ತಂತಿ ವಿದ್ಯುತ್ತು, ಕಪ್ಪು ಭೂಮಿ, ಹಳದಿ ಮತ್ತು ಬಿಳಿ ಸುದ್ದಿ ತರುವ ದೂತರು. ಕೊಂಡಿಯನ್ನು ತಿರುಗುಮುರುಗಾಗಿ ಸಿಕ್ಕಿಸಲು ಬರುವುದಿಲ್ಲ. ಈ ಪದ್ಧತಿಗೆ ಅವರು ಇಟ್ಟ ಹೆಸರು ‘ಗ್ರೋವ್’, ಎಂದರೆ ತೋಪು. ಹೀಗೆ ಬೇರೆಯವರದೂ ಇವೆ. ಅಯಸ್ಕಾಂತದಿಂದ ಪರಸ್ಪರ ಕಚ್ಚಿಕೊಳ್ಳುವ ತುಂಡುಗಳನ್ನು ಮಾಡಿದವರಿದ್ದಾರೆ. ಬಿ.ಬಿ.ಸಿ.ಯವರು 2016ರಲ್ಲಿ ಬ್ರಿಟನ್ನಿನ ಶಾಲಾಮಕ್ಕಳಿಗೆ ಹಂಚಿದ ಪುಟ್ಟ ಹಲಗೆಗೆ ಮೊಸಳೆಬಾಯಿಯ ಕ್ಲಿಪ್ಪು ಸಿಕ್ಕಿಸಿದರೂ ಸಾಕು. ಒಂದು ಮಾತನ್ನು ಮರೆಯಬಾರದು: ಬೆಸುಗೆಯಿಲ್ಲದ ಪೆಟ್ಟಿಗೆಯಲ್ಲಿ ಬೆಸುಗೆ ಇಲ್ಲವೆಂದಲ್ಲ, ಅದನ್ನು ನಮಗಿಂತ ಮೊದಲೇ ಯಾರೋ ಮಾಡಿಟ್ಟಿದ್ದಾರೆ.

ಇಂಥ ಒಂದು ಪೆಟ್ಟಿಗೆ ಬಿಳಿಚೋಡಿಗೆ ಬಂದ ಕಥೆ ಹೇಳುತ್ತೇನೆ. ನನ್ನ ತಮ್ಮ ಊರಿನಲ್ಲೇ ಉಳಿದು ಹೊಲ ಮಾಡುತ್ತಾನೆ. ಅವನ ಮಗ ಬೆಂಗಳೂರಿನಲ್ಲಿ ನೌಕರಿ. ಎಸ್.ಪಿ. ರಸ್ತೆಯ ಅಂಗಡಿಯೊಂದರಿಂದ ಆ ಹುಡುಗ ತನ್ನ ಮಗಳಿಗೆ ಇದನ್ನು ತಂದುಕೊಟ್ಟ. ಬೇಸಿಗೆ ರಜೆಗೆ ಆಕೆ ಊರಿಗೆ ಬಂದಾಗ ಪೆಟ್ಟಿಗೆಯೂ ಬಂತು. ಜಗಲಿಯ ಮೇಲೆ ಕುಳಿತು ಆಕೆ ಕೊಂಡಿಗಳನ್ನು ಸಿಕ್ಕಿಸುತ್ತ ಹೋದಳು; ಹತ್ತು ನಿಮಿಷದಲ್ಲಿ ಅಂಗೈ ಅಡ್ಡ ಹಿಡಿದರೆ ದೀಪ ಹತ್ತುವ, ತೆಗೆದರೆ ಆರುವ ಯಂತ್ರ ಸಿದ್ಧವಾಯಿತು. ನಾನು ದೂರ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. “ಬನ್ನಿ ದೊಡ್ಡಜ್ಜ, ನೀವೂ ಮಾಡಿ” ಎಂದಳು. ಕೆಡಿಸಿಬಿಟ್ಟೇನವ್ವ ಎಂದೆ. “ಕೆಟ್ಟರೇನು, ಕಿತ್ತು ಇನ್ನೊಂದು ಕಡೆ ಹಾಕಿದರಾಯಿತು” ಎಂದಳು. ಐವತ್ತು ವರ್ಷದ ಹಿಂದೆ ಅದೇ ಜಗಲಿಯ ಮೇಲೆ ನನಗೆ ಈ ಮಾತು ಹೇಳುವವರಿರಲಿಲ್ಲ. ಕುರ್ಚಿಯಿಂದ ಇಳಿದು ಆಕೆಯ ಪಕ್ಕದಲ್ಲಿ ಕುಳಿತೆ.

ಪೆಟ್ಟಿಗೆಯಲ್ಲಿ ಮಣ್ಣಿನ ತೇವ ಅಳೆಯುವ ಸೆನ್ಸರೊಂದಿತ್ತು. ಎರಡು ಹಲ್ಲಿನ ಫೋರ್ಕಿನಂಥದು; ಮಣ್ಣಿಗೆ ಚುಚ್ಚಿದರೆ ಒಂದು ಹಲ್ಲಿನಿಂದ ಇನ್ನೊಂದಕ್ಕೆ ಮಣ್ಣಿನ ಮೂಲಕ ಸ್ವಲ್ಪ ವಿದ್ಯುತ್ತು ಹರಿಯುತ್ತದೆ. ತೇವ ಹೆಚ್ಚಾದಷ್ಟೂ ಸರಾಗ. ಗಣಕ ಹಲಗೆ ಅದನ್ನು ಸೊನ್ನೆಯಿಂದ 1023ರವರೆಗಿನ ಒಂದು ಅಂಕೆಯನ್ನಾಗಿ ತೋರಿಸುತ್ತದೆ. ಮಳೆಯನ್ನೂ ಕೊಳವೆ ಬಾವಿಯನ್ನೂ ನಂಬಿದ ನಮ್ಮ ಜಗಳೂರು ಸೀಮೆಯಲ್ಲಿ ಇದು ಆಟಿಕೆಯಲ್ಲ. ತುಂಗಭದ್ರೆಯ ನೀರನ್ನು ಎತ್ತಿ ತಾಲ್ಲೂಕಿನ ಕೆರೆಗಳಿಗೆ ತುಂಬಿಸುವ ಯೋಜನೆಗಾಗಿ ಜನ ವರ್ಷಗಟ್ಟಲೆ ಕಾದ ನಾಡು ಇದು. ಒಂದು ಗಂಟೆ ಪಂಪು ಹೆಚ್ಚಾಗಿ ಓಡಿತೆಂದರೆ ಎದೆ ಹೊಡೆದುಕೊಳ್ಳುತ್ತದೆ. ಆದ್ದರಿಂದ ತಮ್ಮ ಮೊಮ್ಮಗಳ ಯಂತ್ರವನ್ನು ಬಹಳ ಗಂಭೀರವಾಗಿ ನೋಡಿದ. ನೋಡಿ ಒಂದೇ ಪ್ರಶ್ನೆ ಕೇಳಿದ: “ಎಷ್ಟಕ್ಕೆ ಬಂದರೆ ಹದ?”

ಪೆಟ್ಟಿಗೆಯ ಕೈಪಿಡಿಯಲ್ಲಿ ಸೊನ್ನೆಯಿಂದ 300 ಒಣಮಣ್ಣು, 300ರಿಂದ 700 ತೇವದ ಮಣ್ಣು, 700ರಿಂದ 950 ನೀರು ಎಂದು ಬರೆದಿತ್ತು. ಹದದ ಮಾತೇ ಇಲ್ಲ. ಬಿತ್ತುವುದಕ್ಕೆ ಹದ ಬೇರೆ, ಕುಂಟೆ ಹೊಡೆಯುವುದಕ್ಕೆ ಬೇರೆ, ಈರುಳ್ಳಿಗೆ ನೀರು ಬಿಡುವುದಕ್ಕೆ ಬೇರೆ. ಎರೆಮಣ್ಣಿನ ಹದ ಕೆಂಪುಮಣ್ಣಿಗೆ ಒಗ್ಗದು. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ, ಬೆರಳು ಬಿಚ್ಚಿ, ಉಂಡೆ ನಿಲ್ಲುತ್ತದೆಯೋ ಒಡೆಯುತ್ತದೆಯೋ ಕೈಗೆ ಮೆತ್ತುತ್ತದೆಯೋ ನೋಡಿ ಹೇಳುವ ಈ ವಿದ್ಯೆಗೆ ಇಂಗ್ಲಿಷಿನಲ್ಲಿ ಒಂದೇ ಮಾತಿದೆಯೋ ಇಲ್ಲವೋ ನನಗೆ ಅನುಮಾನ. ಅಡಿಗೆಗೂ ಕಬ್ಬಿಣಕ್ಕೂ ಪದ್ಯಕ್ಕೂ ಸಲ್ಲುವ ಮಾತು ಅದು. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಅಜ್ಜನನ್ನೇ ಹೊಲಕ್ಕೆ ಕರೆದೊಯ್ದು ನಾಲ್ಕು ಡಬ್ಬಿಗಳಲ್ಲಿ ಮಣ್ಣು ತುಂಬಿಸಿದಳು. ಅಜ್ಜ ಹಿಸುಕಿ ‘ಒಣ’ ಎಂದದ್ದು ಒಂದು, ‘ಇನ್ನೆರಡು ದಿನ ತಡೆದೀತು’ ಎಂದದ್ದು ಒಂದು, ‘ಹದ’ ಎಂದದ್ದು ಒಂದು, ‘ಹೆಚ್ಚಾಯಿತು’ ಎಂದದ್ದು ಒಂದು. ಪ್ರತಿಯೊಂದಕ್ಕೂ ಸೆನ್ಸರನ್ನು ಚುಚ್ಚಿ, ಬಂದ ಅಂಕೆಯನ್ನು ಡಬ್ಬಿಯ ಮೇಲೆ ಬರೆದಳು. ಷೆನ್‌ಜೆನ್ ನಗರದಲ್ಲಿ ಮಾಡಿದ ಅಳತೆಗೆ ಬಿಳಿಚೋಡಿನ ಅರ್ಥ ಬಂದದ್ದು ಆಗ. ವಿಜ್ಞಾನದ ಮೇಷ್ಟ್ರು ಇದಕ್ಕೆ ಅಳತೆ ಹೊಂದಿಸುವುದು ಎನ್ನುತ್ತಾರೆ. ನನಗೆ ಅದು ನಿಘಂಟು ರಚನೆಯಂತೆ ಕಂಡಿತು: ಒಂದು ಕಡೆ ಅಂಕೆ, ಎದುರಿಗೆ ಕನ್ನಡ.

ರಜೆ ಮುಗಿದು ಹುಡುಗಿ ಬೆಂಗಳೂರಿಗೆ ಹೋದಳು. ಯಂತ್ರವನ್ನು ತಮ್ಮ ಈರುಳ್ಳಿ ಮಡಿಯ ಅಂಚಿನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು, ದಿನಾ ಬೆಳಿಗ್ಗೆ ಅಂಕೆ ನೋಡುವುದನ್ನು ಅಭ್ಯಾಸ ಮಾಡಿಕೊಂಡ. ಕೆಲವು ದಿನ ಅಂಕೆಗೂ ಅವನ ಮುಷ್ಟಿಗೂ ಸರಿಯಾದ ಹೊಂದಾಣಿಕೆಯಿತ್ತು. ಆಮೇಲೆ ಅಂಕೆ ಇಳಿಯತೊಡಗಿತು. ನೀರು ಬಿಟ್ಟ. ಮತ್ತೆ ಒಣ ಎಂದಿತು. ಮತ್ತೆ ಬಿಟ್ಟ. ಮೂರನೆಯ ಸಲ ಅವನಿಗೆ ಅನುಮಾನ ಬಂದು ಕೈ ಹಾಕಿ ಹಿಸುಕಿದರೆ ಮಣ್ಣು ಬೆರಳ ಸಂದಿಯಲ್ಲಿ ಕೆಸರಾಗಿ ಇಳಿಯಿತು. ಈರುಳ್ಳಿಗೆ ನೀರು ಹೆಚ್ಚಾದರೆ ಗೆಡ್ಡೆ ಕೊಳೆಯುತ್ತದೆ. ಮಡಿಯ ಒಂದು ಭಾಗ ಹೋಯಿತು. “ನಿನ್ನ ಮೊಮ್ಮಗಳ ಫೋರ್ಕು ನನಗೆ ಸುಳ್ಳು ಹೇಳಿತಣ್ಣ” ಎಂದು ಫೋನು ಮಾಡಿದ. ಸಿಟ್ಟಿಗಿಂತ ಹೆಚ್ಚಾಗಿ, ತನ್ನ ಕೈಯನ್ನು ಬಿಟ್ಟು ಅಂಕೆಯನ್ನು ನಂಬಿದೆನಲ್ಲ ಎಂಬ ನಾಚಿಕೆ ಅವನಿಗೆ. ತಾನೇ ಮೊಮ್ಮಗಳು ಎಂದು ಎತ್ತಿಕೊಂಡಾಡಿದವಳು ಅಂದು ನನ್ನ ಮೊಮ್ಮಗಳಾಗಿದ್ದಳು!

ಫೋರ್ಕು ಸುಳ್ಳು ಹೇಳಿರಲಿಲ್ಲ, ಅದು ಸತ್ತುಹೋಗಿತ್ತು. ತೇವದ ಮಣ್ಣಿನಲ್ಲಿ ಎರಡು ಲೋಹದ ಹಲ್ಲುಗಳನ್ನಿಟ್ಟು ಹಗಲೂ ರಾತ್ರಿ ಒಂದೇ ದಿಕ್ಕಿಗೆ ವಿದ್ಯುತ್ತು ಹರಿಸಿದರೆ ಒಂದು ಹಲ್ಲಿನ ಲೋಹ ಕರಗಿ ಮಣ್ಣಿಗೆ ಸೇರುತ್ತದೆ. ಆಭರಣಕ್ಕೆ ಮುಲಾಮು ಹಾಕುವ ವಿದ್ಯೆಯೇ ಇದು, ಇಲ್ಲಿ ಹಾನಿಗಾಗಿ ನಡೆದಿತ್ತು. ಹಲ್ಲು ಸವೆದಷ್ಟೂ ವಿದ್ಯುತ್ತಿನ ದಾರಿ ಕಿರಿದಾಯಿತು. ದಾರಿ ಕಿರಿದಾದುದನ್ನು ಯಂತ್ರ ‘ಮಣ್ಣು ಒಣಗಿದೆ’ ಎಂದು ಓದಿತು. ಇದಕ್ಕೆ ಪರಿಹಾರವಿದೆ. ಅಳೆಯುವ ಕ್ಷಣ ಮಾತ್ರ ವಿದ್ಯುತ್ತು ಕೊಟ್ಟು ಉಳಿದ ಹೊತ್ತು ನಿಲ್ಲಿಸುವಂತೆ ಆದೇಶ ಬರೆಯಬಹುದು. ಗಂಟೆಗೊಂದು ಕ್ಷಣ ಸಾಕು. ಇನ್ನೂ ಉತ್ತಮವೆಂದರೆ ಲೋಹ ಮಣ್ಣನ್ನು ಮುಟ್ಟದೆ, ಲೇಪದ ಮರೆಯಲ್ಲಿ ನಿಂತು, ಸುತ್ತಲಿನ ನೀರಿನಿಂದ ವಿದ್ಯುದಾವೇಶ ಹಿಡಿಯುವ ಶಕ್ತಿ ಎಷ್ಟು ಬದಲಾಯಿತೆಂದು ನೋಡುವ ಬೇರೆ ಬಗೆಯ ಸೆನ್ಸರು. ಈಗ ತಮ್ಮನ ಹೊಲದಲ್ಲಿ ಅದಿದೆ. ಪೆಟ್ಟಿಗೆ ಮಾಡಿದವರ ಮೇಲೆ ನನ್ನ ದೂರಿಲ್ಲ. ಆದರೆ ಸಿಕ್ಕಿಸಿದರೆ ಸಾಕು ಎಂಬಷ್ಟು ಸುಲಭವಾದ ವಸ್ತುವಿನಲ್ಲಿ ಒಂದು ಅಪಾಯವಿದೆ. ಒಳಗೆ ಏನು ನಡೆಯುತ್ತದೆಂದು ಕೇಳುವ ಅಗತ್ಯವೇ ಮಗುವಿಗೆ ಬೀಳುವುದಿಲ್ಲ. ಕೆಂಪು ತಂತಿ ಎಲ್ಲಿ ಎಂಬುದು ಗೊತ್ತು, ಅದರಲ್ಲಿ ಹರಿಯುವುದೇನು ಎಂಬುದು ಗೊತ್ತಿಲ್ಲ. ತಾತ್ಪರ್ಯ ಓದಿ ಕಾವ್ಯ ಓದಿದೆವೆಂದುಕೊಳ್ಳುವ ವಿದ್ಯಾರ್ಥಿಗಳನ್ನು ನಾನು ಬಹಳ ಕಂಡಿದ್ದೇನೆ. ಕೊಳೆತ ಈರುಳ್ಳಿ ಆ ಹುಡುಗಿಯನ್ನು ಮೂಲಪಾಠಕ್ಕೆ ಕಳಿಸಿತು.

ಸಿಕ್ಕಿಸಿದ ಕೊಂಡಿಗಳಿಗೂ ಹೊಲ ತಕ್ಕ ಜಾಗವಲ್ಲ. ಗಾಳಿಗೆ ಅಲುಗುತ್ತವೆ, ತೇವಕ್ಕೆ ಕಿಲುಬು ಹಿಡಿಯುತ್ತವೆ, ಇಲಿಯ ಮಾತು ಬೇರೆ. ಹಾಗೆಂದು ಬೆಸುಗೆಯಿಲ್ಲದ ಜೋಡಣೆಯೆಲ್ಲ ದುರ್ಬಲವೆಂದೂ ತಿಳಿಯಬಾರದು. ಚಚ್ಚೌಕ ಕಂಬಕ್ಕೆ ತಂತಿಯನ್ನು ಬಲು ಬಿಗಿಯಾಗಿ ಸುತ್ತಿದರೆ ಕಂಬದ ಮೂಲೆಗಳು ತಂತಿಯನ್ನು ಕಚ್ಚಿ, ಗಾಳಿಯೂ ನುಸುಳದಂತೆ ಎರಡೂ ಒಂದಾಗುತ್ತವೆ; 1969ರಲ್ಲಿ ಚಂದ್ರನ ಮೇಲೆ ಇಳಿದ ಅಪೋಲೊ ನೌಕೆಯ ಗಣಕದ ಹಿಂಬದಿಯ ತಂತಿಗಳನ್ನು ಹಾಗೆ ಯಂತ್ರದಿಂದ ಸುತ್ತಿದ್ದರು. ಶಾಖವಿಲ್ಲದ ಬೆಸುಗೆ ಎನ್ನಬೇಕು. ಕಿತ್ತು ಹಾಕಲೆಂದೇ ಮಾಡಿದ ಕೊಂಡಿಗೆ ಮಾತ್ರ ಆ ಬಲವಿಲ್ಲ. ಇನ್ನೊಂದು ಎಚ್ಚರಿಕೆಯನ್ನು ತಂದೆತಾಯಿಗಳು ಗಮನಿಸಬೇಕು. ಈ ಪೆಟ್ಟಿಗೆಯ ಐದು ವೋಲ್ಟು ಮಕ್ಕಳ ಕೈಗೆ ನಿರಪಾಯ. ಪಂಪಿನ ಸ್ಟಾರ್ಟರಿನ ಮೂರು ಫೇಸಿನ ವಿದ್ಯುತ್ತಾದರೋ ಪ್ರಾಣ ತೆಗೆಯುವಂಥದು. ಸೆನ್ಸರಿನ ಅಂಕೆ ನೋಡಿ ಮನುಷ್ಯ ಪಂಪು ಹಾಕಲಿ. ಯಂತ್ರವೇ ಹಾಕುವಂತೆ ಮಾಡುವುದು ಬಲ್ಲ ಎಲೆಕ್ಟ್ರಿಷಿಯನ್ನನ ಕೆಲಸ.

ಇನ್ನು ಶಾಲೆಗಳ ವಿಚಾರ. ನೀತಿ ಆಯೋಗದ ಅಟಲ್ ಇನ್ನೊವೇಷನ್ ಮಿಷನ್ 2016ರಲ್ಲಿ ಆರಂಭವಾಗಿ, ಆರರಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳಿಗಾಗಿ ದೇಶದಲ್ಲಿ ಸುಮಾರು 10,000 ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳನ್ನು ತೆರೆಯಿಸಿದೆ. ಒಂದೊಂದು ಶಾಲೆಗೆ ಐದು ವರ್ಷಗಳಲ್ಲಿ 20 ಲಕ್ಷ ರೂಪಾಯಿಯವರೆಗೆ ನೆರವು. ಸರ್ಕಾರಿ ಶಾಲೆಗಳಲ್ಲಿ ಮುಂದಿನ ಐದು ವರ್ಷಗಳಲ್ಲಿ ಇನ್ನೂ 50,000 ತೆರೆಯುವುದಾಗಿ 2025ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದರು. ಸಂತೋಷದ ಸುದ್ದಿ. ಆದರೆ ನಾನು ಭಾಷಣಕ್ಕೆಂದು ಹೋಗಿದ್ದ ಒಂದು ಶಾಲೆಯಲ್ಲಿ ಇಂಥ ಪೆಟ್ಟಿಗೆಗಳನ್ನು ಗಾಜಿನ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ವಿಚಾರಿಸಿದಾಗ ಮೇಷ್ಟ್ರು ಸಂಕೋಚದಿಂದ ಹೇಳಿದರು: “ಒಂದು ಪೀಸು ಕಳೆದರೂ ಸ್ಟಾಕ್ ರಿಜಿಸ್ಟರಿನಲ್ಲಿ ನಾನು ಉತ್ತರ ಕೊಡಬೇಕು ಸರ್.” ಆ ಮೇಷ್ಟ್ರನ್ನು ದೂರಲಾರೆ, ನಾನೂ ಸಂಬಳ ತೆಗೆದುಕೊಂಡು ರಿಜಿಸ್ಟರಿಗೆ ಸಹಿ ಹಾಕಿದವನೇ. ತಪ್ಪು ಮಾಡಿದರೂ ನಷ್ಟವಾಗದಿರಲಿ ಎಂದು ಯಾರೋ ಎಷ್ಟೋ ಯೋಚಿಸಿ ಬೆಸುಗೆಯನ್ನು ತೆಗೆದರು. ಆ ಜಾಗದಲ್ಲಿ ನಾವು ಬೀಗವನ್ನು ತಂದು ಕೂಡಿಸಿದೆವು. ಸವೆದುಹೋಗುವ ಸೀಮೆಸುಣ್ಣಕ್ಕೆ ಲೆಕ್ಕ ಬರೆಯಲು ಒಂದು ಕಾಲಮ್ಮು ಇದೆ. ಸೆನ್ಸರನ್ನೂ ಅದೇ ಕಾಲಮ್ಮಿಗೆ ಸೇರಿಸಿದರೆ ಅರ್ಧ ಬೀರುಗಳು ತೆರೆದಾವು.

ಕಳೆದ ದಸರೆಗೆ ಹುಡುಗಿ ಮತ್ತೆ ಬಂದಳು. ಹೊಲದ ಡಬ್ಬಿಯಲ್ಲಿ ಒಂದು ಕೊಂಡಿ ಸಡಿಲವಾಗಿ ಅಂಕೆ ಕುಣಿಯುತ್ತಿತ್ತು. ಯಾವ ಜೋಡಣೆ ಸರಿ ಎಂಬುದು ಈಗ ಗೊತ್ತಾಗಿದೆಯಾದ್ದರಿಂದ ಇನ್ನು ಬೆಸೆದುಬಿಡೋಣ ಎಂದಳು. ದಾವಣಗೆರೆಯಿಂದ 25 ವಾಟಿನ ಒಂದು ಸೋಲ್ಡರಿಂಗ್ ಐರನ್ನು ತಂದೆವು. ಸೀಸವಿಲ್ಲದ ಬೆಸುಗೆ ತಂತಿ ಸ್ವಲ್ಪ ಹೆಚ್ಚು ಬೆಲೆಯಾದರೂ ಅದನ್ನೇ ಆರಿಸಿದೆವು. ಅದಕ್ಕೆ 217 ಡಿಗ್ರಿಗಿಂತ ಹೆಚ್ಚು ಶಾಖ ಬೇಕು. ಏಳುವ ಹೊಗೆ ರಾಳದ್ದು, ಉಬ್ಬಸವಿರುವವರಿಗೆ ಒಳ್ಳೆಯದಲ್ಲ ಎಂದು ಕಿಟಕಿಯ ಬಳಿ ಕುಳಿತೆವು. ನಾನು ಇಕ್ಕಳದಿಂದ ತಂತಿ ಹಿಡಿದುಕೊಂಡೆ. ಮೊದಲು ತಂತಿಯನ್ನು ಕಾಯಿಸು, ಬೆಸುಗೆಯನ್ನು ಐರನ್ನಿಗೆ ಮುಟ್ಟಿಸಬೇಡ, ಕಾದ ತಂತಿಗೆ ಮುಟ್ಟಿಸು ಎಂದೆ. ಪುಸ್ತಕ ಓದಿ ಕಲಿತದ್ದು. ಮೊದಲನೆಯದು ಬೂದು ಬಣ್ಣದ ಗುಳಿಗೆಯಾಗಿ ನಿಂತಿತು, ಎಳೆದರೆ ಬಂದುಬಿಟ್ಟಿತು. ಎರಡನೆಯದಕ್ಕೆ ನನ್ನ ಕೈ ನಡುಗಿತು. ಮೂರನೆಯದರಲ್ಲಿ ಬೆಸುಗೆ ನೀರಾಗಿ ತಂತಿಯ ಸುತ್ತ ತಾನಾಗಿ ಹರಡಿಕೊಂಡಿತು. ಸಂಜೆ ಡಬ್ಬಿಯನ್ನು ಹೊಲಕ್ಕೆ ಒಯ್ದು ಇಟ್ಟೆವು. ತಮ್ಮ ಅಂಕೆಯನ್ನು ನೋಡಿದ, ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಹಿಸುಕಿದ, “ಸರಿಯಾಗಿದೆ” ಎಂದ.